ಉರಿಯುವ ಗುಂಡಿಗೆ ಮಣ್ಣು ಸುರಿದರೆ ಆಗದೇ?

ಪ್ರಶ್ನೆ: ತುರ್ಕಮೆನಿಸ್ತಾನದ ‘ನರಕದ ಬಾಗಿಲು’ ದಶಕಗಳಿಂದ ಹಗಲೂ ರಾತ್ರಿ ಉರಿಯುತ್ತಿದೆಯಂತೆ. ಅನಿಲವೂ ದಂಡ, ವಾತಾವರಣಕ್ಕೂ ಕೇಡು. ಲಾರಿಗಟ್ಟಲೆ ಮಣ್ಣು ಸುರಿದು ಆರಿಸಬಾರದೇಕೆ?

ಉತ್ತರ: ಬೆಂಕಿಯನ್ನಷ್ಟೇ ಆರಿಸಿ ಅನಿಲವನ್ನು ಅದರ ಪಾಡಿಗೆ ಬಿಟ್ಟರೆ ಈಗಿನದಕ್ಕಿಂತ ಹೆಚ್ಚು ಹಾನಿಯಾಗುತ್ತದೆ.

ರಾಜಧಾನಿ ಅಶ್ಗಾಬಾತ್‌ನಿಂದ ಉತ್ತರಕ್ಕೆ ಸುಮಾರು 260 ಕಿಲೋಮೀಟರ್ ದೂರದಲ್ಲಿ, ಕಾರಾಕುಮ್ ಮರುಭೂಮಿಯ ದರ್ವಾಜಾ ಎಂಬಲ್ಲಿ ಈ ಗುಂಡಿಯಿದೆ. ಅಗಲ ಸುಮಾರು 70 ಮೀಟರ್, ಆಳ 30 ಮೀಟರ್. ಹುಟ್ಟಿದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ: 1971ರಲ್ಲಿ ಸೋವಿಯತ್ ಭೂವಿಜ್ಞಾನಿಗಳು ಕೊರೆಯುತ್ತಿದ್ದಾಗ ನೆಲ ಕುಸಿಯಿತು, ಅನಿಲ ಸುಟ್ಟುಹೋಗಲೆಂದು ಬೆಂಕಿ ಹಚ್ಚಿದರು, ಅದು ಆರಲೇ ಇಲ್ಲ. ಇದಕ್ಕೆ ಕಾಗದಪತ್ರದ ಆಧಾರ ಸಿಕ್ಕಿಲ್ಲ. ಗುಂಡಿ ಬಿದ್ದದ್ದು 1960ರ ದಶಕದಲ್ಲಿ, ಬೆಂಕಿ ಬಿದ್ದದ್ದು 1980ರ ದಶಕದಲ್ಲಿ ಎಂದು ಅಲ್ಲಿನ ಭೂವಿಜ್ಞಾನಿಗಳೇ ಹೇಳಿದ್ದುಂಟು.

ಉರಿಯುತ್ತಿರುವುದು ಮುಖ್ಯವಾಗಿ ಮೀಥೇನ್. ಬೆಂಗಳೂರಿನ ಕೆಲವು ಬಡಾವಣೆಗಳ ಅಡುಗೆಮನೆಗೆ ಕೊಳವೆಯಲ್ಲಿ ಬರುತ್ತದಲ್ಲ, ಅದೇ. ಒಂದು ಕಿಲೋ ಮೀಥೇನ್ ಸುಟ್ಟರೆ ಸುಮಾರು 2.75 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಸುಡದೆ ಗಾಳಿಗೆ ಬಿಟ್ಟರೆ, ನೂರು ವರ್ಷಗಳ ಲೆಕ್ಕದಲ್ಲಿ, ಅದೇ ಒಂದು ಕಿಲೋ ಸುಮಾರು 28 ಕಿಲೋ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಇಪ್ಪತ್ತು ವರ್ಷಗಳ ಲೆಕ್ಕ ಹಿಡಿದರೆ ಅದು 80 ಕಿಲೋಗೂ ಮೇಲೆ. ಎಂದರೆ, ನೋಡಿದವರು ಬೆಚ್ಚಿಬೀಳುವ ಆ ಜ್ವಾಲೆ ಒಂದು ಲೆಕ್ಕದಲ್ಲಿ ಉಪಕಾರವನ್ನೇ ಮಾಡುತ್ತಿದೆ.

ಇನ್ನು ಮಣ್ಣಿನ ಮಾತು. 1995ರ ಜನವರಿಯಲ್ಲಿ ಆಂಧ್ರದ ಪಾಶರ್ಲಪೂಡಿಯಲ್ಲಿ ಓಎನ್‌ಜಿಸಿ ಬಾವಿ ಸಿಡಿದು 65 ದಿನ ಉರಿದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಅಲ್ಲಿ ಅನಿಲಕ್ಕೆ ಇದ್ದದ್ದು ಒಂದೇ ಬಾಯಿ. ಅದನ್ನು ಕಟ್ಟಿದರೆ ಕೆಲಸ ಮುಗಿಯಿತು. ದರ್ವಾಜಾದಲ್ಲಿ ಹಾಗಲ್ಲ. 2013ರಲ್ಲಿ ಕೆನಡಾದ ಸಾಹಸಿ ಜಾರ್ಜ್ ಕೊರೂನಿಸ್ ಶಾಖ ತಡೆಯುವ ಬೆಳ್ಳಿಬಣ್ಣದ ಉಡುಪು ತೊಟ್ಟು, ಉಸಿರಾಟದ ಉಪಕರಣ ಹೊತ್ತು, ಹಗ್ಗದ ನೆರವಿನಿಂದ ಗುಂಡಿಯ ತಳಕ್ಕೆ ಇಳಿದರು. ಅಂಚಿನುದ್ದಕ್ಕೂ, ತಳದ ಕಲ್ಲುಮಣ್ಣಿನ ಸಂದುಗಳಲ್ಲೂ ಲೆಕ್ಕವಿಲ್ಲದಷ್ಟು ಸಣ್ಣದೊಡ್ಡ ಉರಿಗಳಿದ್ದವು. ಅಲ್ಲಿಂದ ಅವರು ತಂದ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕವು; ಅಂಥ ಕಾವಿನಲ್ಲೂ ಜೀವ! ಇಷ್ಟೊಂದು ಬಿರುಕುಗಳ ಮೇಲೆ ಮಣ್ಣು ಹೊದಿಸಿದರೆ ಬೆಂಕಿ ಅಡಗೀತು, ಅನಿಲ ಪಕ್ಕದ ಸಂದು ಹುಡುಕಿಕೊಂಡು ಬಂದೀತು.

ಆದ್ದರಿಂದ ಮದ್ದು ಇರುವುದು ಗುಂಡಿಯ ಹೊರಗೆ. ಸುತ್ತಲೂ ಬಾವಿ ಕೊರೆದು, ಗುಂಡಿಗೆ ತಲುಪುವ ಮೊದಲೇ ಅನಿಲವನ್ನು ಹೀರಿ ಬಳಸಿಕೊಳ್ಳಬೇಕು. ಪರಿಸರ, ಜನರ ಆರೋಗ್ಯ, ಕೈತಪ್ಪುವ ಆದಾಯ ಎಂಬ ಕಾರಣಗಳನ್ನು ಕೊಟ್ಟು 2022ರ ಜನವರಿಯಲ್ಲಿ ಅಧ್ಯಕ್ಷ ಗುರ್ಬಾಂಗುಲಿ ಬೆರ್ದಿಮುಖಮೆದೊವ್ ಬೆಂಕಿ ಆರಿಸುವ ದಾರಿ ಹುಡುಕಲು ಆದೇಶಿಸಿದರು. (2010ರಲ್ಲೂ ಇಂಥದೇ ಆದೇಶವಾಗಿತ್ತು. ಆಮೇಲೆ 2018ರಲ್ಲಿ ಅದೇ ಗುಂಡಿಗೆ ‘ಕಾರಾಕುಮ್‌ನ ಹೊಳಪು’ ಎಂಬ ಸರ್ಕಾರಿ ಹೆಸರೂ ಬಂತು!) ಬಾವಿಗಳ ಮೂಲಕ ಅನಿಲ ಸೆಳೆದು ಉರಿಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದ್ದೇವೆ ಎಂದು 2025ರ ಜೂನ್‌ನಲ್ಲಿ ಅಲ್ಲಿನ ಅಧಿಕಾರಿಗಳು ಹೇಳಿದರು.

ನನ್ನನ್ನು ಕೇಳಿದರೆ, ಆ ದೇಶದ ದೊಡ್ಡ ತಲೆನೋವು ಈ ಗುಂಡಿಯೇ ಅಲ್ಲ. ಹೆಚ್ಚುವರಿ ಅನಿಲವನ್ನು ಸುಟ್ಟುಬಿಡಲೆಂದು ತೈಲ ಮತ್ತು ಅನಿಲ ನಿಕ್ಷೇಪಗಳಲ್ಲಿ ಎತ್ತರದ ಕೊಳವೆ ನಿಲ್ಲಿಸಿ, ಅದರ ತುದಿಯಲ್ಲಿ ಬೆಂಕಿ ಇಟ್ಟಿರುತ್ತಾರೆ. ದೇಶದ ಪಶ್ಚಿಮ ಭಾಗದ ಉಪಗ್ರಹ ದತ್ತಾಂಶವನ್ನು ಜಾಲಾಡಿದ ಸಂಶೋಧಕರಿಗೆ ಭಾರೀ ಪ್ರಮಾಣದಲ್ಲಿ ಮೀಥೇನ್ ಉಗುಳುವ 29 ಜಾಗಗಳು ಕಂಡವು. ಅವುಗಳಲ್ಲಿ 24 ಇಂಥ ಕೊಳವೆಗಳೇ, ತುದಿಯ ಬೆಂಕಿ ಆರಿಹೋದಂಥವು. ದರ್ವಾಜಾದ ಉರಿ ಸಣ್ಣದಾಯಿತೆಂಬ ಸುದ್ದಿಯನ್ನೂ ಇದೇ ಎಚ್ಚರದಿಂದ ಓದಬೇಕು. ಅನಿಲ ನಿಜಕ್ಕೂ ಬಾವಿಗಳ ಪಾಲಾಗಿದೆಯೋ, ಸುಡದೆ ಸೋರುತ್ತಿದೆಯೋ ಎಂಬುದು ಜ್ವಾಲೆಯ ಚಿತ್ರ ನೋಡಿದರೆ ತಿಳಿಯುವುದಿಲ್ಲ. ಗುಂಡಿಯ ಮೇಲಿನ ಗಾಳಿಯಲ್ಲಿ ಮೀಥೇನ್ ಎಷ್ಟಿದೆಯೆಂದು ಅಳೆಯಬೇಕು.