ಕೀರ್ತನೆ: ಇಗರ್ಜಿಯಲ್ಲಿ ಹಾಡಿದ್ದೆಲ್ಲ ಕೀರ್ತನೆಯಲ್ಲ

ಹಬ್ಬದ ಆಮಂತ್ರಣ ಪತ್ರಿಕೆಯಲ್ಲಿ ‘ಕೀರ್ತನೆಗಳ ಗಾಯನ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಅದರ ಕೆಳಗೆ ಮಾತೆ ಮರಿಯಮ್ಮನವರ ಹಾಡು, ಕ್ರಿಸ್ಮಸ್ ಹಾಡು ಮತ್ತು ಸಿನಿಮಾ ಧಾಟಿಗೆ ಕೂಡಿಸಿದ ಭಕ್ತಿಗೀತೆಗಳನ್ನು ಪಟ್ಟಿ ಮಾಡಿದ್ದನ್ನು ಈ ವರ್ಷವೂ ನೋಡಬೇಕಾಯಿತು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಘಟ್ಟ ಹತ್ತಿದರೆ ಶಿರಸಿ, ಯಲ್ಲಾಪುರಗಳ ಕಡೆಯೂ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕನ್ನಡದಲ್ಲಿ ಹಾಡಿದ್ದೆಲ್ಲ ಕೀರ್ತನೆ ಎಂಬ ರೂಢಿ ಬೇರೂರುತ್ತಿದೆ. ಪಟ್ಟಿಯಲ್ಲಿದ್ದ ಹಾಡುಗಳು ಒಳ್ಳೆಯವೇ ಇರಬಹುದು. ಅವುಗಳಲ್ಲಿ ಕೀರ್ತನೆ ಒಂದೂ ಇರಲಿಲ್ಲ. ಹೆಸರಿನ ಈ ಸಡಿಲಿಕೆ ಆಮಂತ್ರಣ ಪತ್ರಿಕೆಯಲ್ಲೇ ನಿಂತಿದ್ದರೆ ಇಷ್ಟು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಅದು ಬಲಿಪೂಜೆಯೊಳಕ್ಕೂ (ಮಾಸ್) ಬಂದು, ಕೀರ್ತನೆ ಇರಬೇಕಾದ ಜಾಗದಲ್ಲಿ ಗಾನವೃಂದಕ್ಕೆ ಇಷ್ಟವಾದ ಯಾವುದೋ ಹಾಡು ಕೂರುವಂತಾಗಿದೆ.

ಗೊಂದಲಕ್ಕೆ ಕಾರಣ ಇಲ್ಲದಿಲ್ಲ. ಕೀರ್ತನೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ಪುರಂದರದಾಸರು, ಕನಕದಾಸರು. ಉತ್ತರ ಕರ್ನಾಟಕದಲ್ಲಿ ಹರಿಕಥೆಗೂ ಕೀರ್ತನೆ ಎನ್ನುತ್ತಾರೆ, ಅದನ್ನು ಹೇಳುವವರು ಕೀರ್ತನಕಾರರು. ಕನ್ನಡ ಬೈಬಲಿನಲ್ಲಾದರೆ ‘ಕೀರ್ತನೆಗಳು’ ಎಂಬುದು ಹಳೆಯ ಒಡಂಬಡಿಕೆಯ ಒಂದು ನಿರ್ದಿಷ್ಟ ಗ್ರಂಥದ ಹೆಸರು. ಅದರಲ್ಲಿರುವ 150 ಪ್ರಾರ್ಥನಾ ಗೀತೆಗಳು ಯೆಹೂದ್ಯರ ಆರಾಧನೆಯಿಂದ ಬಂದವು; ಯೇಸುವೂ ಅವರ ಶಿಷ್ಯರೂ ಇವನ್ನೇ ಹಾಡಿ ಬೆಳೆದವರು. ಈ ಗ್ರಂಥಕ್ಕೆ ಹೀಬ್ರೂವಿನಲ್ಲಿ ತೆಹಿಲ್ಲೀಮ್, ಅಂದರೆ ಸ್ತುತಿಗಳು, ಎಂದು ಹೆಸರು. ಗ್ರೀಕಿನವರು ಬಳಸಿದ ಪ್ಸಾಲ್ಮೋಸ್ ಎಂಬ ಪದ ತಂತಿ ಮೀಟುವುದನ್ನು ಹೇಳುವ ಕ್ರಿಯಾಪದದಿಂದ ಹುಟ್ಟಿದ್ದು. ಅದೇ ಲ್ಯಾಟಿನ್ ಮೂಲಕ ಹಾದು ಇಂಗ್ಲಿಷಿನಲ್ಲಿ ‘ಸಾಮ್’ ಆಯಿತು. ಹೀಗೆ ಯೂರೋಪಿನ ಹೆಸರಿನಲ್ಲಿ ವಾದ್ಯ ಉಳಿಯಿತು. ಹೆಸರೆತ್ತಿ ಸಾರುವುದು, ಹೊಗಳುವುದು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ, ಕೀರ್ತಿ ಎಂಬ ಪದದ ಒಡಹುಟ್ಟಾದ ಕನ್ನಡದ ಕೀರ್ತನೆ, ಗ್ರೀಕನ್ನು ದಾಟಿ ನೇರವಾಗಿ ಹೀಬ್ರೂ ಹೆಸರಿನ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಇಷ್ಟು ಒಳ್ಳೆಯ ಪದವನ್ನು ಕೈಯಲ್ಲಿಟ್ಟುಕೊಂಡು ಅದನ್ನು ಹಾಡು ಎಂಬುದಕ್ಕೆ ಇನ್ನೊಂದು ಹೆಸರಾಗಿ ಸವೆಸುವುದು ಸರಿಯಲ್ಲ.

ಹಾಗೆಂದು 150 ಕೀರ್ತನೆಗಳೂ ಹೊಗಳಿಕೆಯೇ ಎಂದು ತಿಳಿಯಬಾರದು. ಅವುಗಳಲ್ಲಿ ಬಹಳಷ್ಟು ಗೋಳು, ದೂರು, ಕೋಪ ಇವೆ. 88ನೆಯದಂತೂ ಯಾವ ಸಮಾಧಾನವನ್ನೂ ಕೊಡದೆ ಕತ್ತಲೆ ಎಂಬ ಮಾತಿಗೆ ಬಂದು ಮುಗಿಯುತ್ತದೆ. ದೇವರೆದುರು ಇಂಥದ್ದನ್ನೂ ಆಡಬಹುದು ಎಂಬುದು ಸಭೆಗೆ ತಿಳಿಯುವುದು ಕೀರ್ತನೆಯಿಂದಲೇ. ವಾರ ವಾರವೂ ಅದರ ಬದಲು ಉಲ್ಲಾಸದ ಭಕ್ತಿಗೀತೆಯನ್ನೇ ಹಾಡುವ ಧರ್ಮಕೇಂದ್ರದಲ್ಲಿ ದುಃಖದಲ್ಲಿರುವವನಿಗೆ ಹಾಡಲು ಏನೂ ಉಳಿಯುವುದಿಲ್ಲ.

ಕಥೋಲಿಕ ಬಲಿಪೂಜೆಯಲ್ಲಿ ಮೊದಲ ಬೈಬಲ್ ವಾಚನದ ನಂತರ ಬರುವ ಕೀರ್ತನೆ ಆ ವಾಚನಕ್ಕೆ ಸಭೆ ಕೊಡುವ ಉತ್ತರ. ಯಾವ ದಿನ ಯಾವ ಕೀರ್ತನೆ ಎಂಬುದು ವಾಚನಗ್ರಂಥದಲ್ಲೇ ನಿಗದಿಯಾಗಿರುತ್ತದೆ. ಶುಭಶುಕ್ರವಾರ ಯೆಶಾಯನ ಗ್ರಂಥದಿಂದ ನೊಂದ ಸೇವಕನ ಭಾಗವನ್ನು ಓದಿದ ಮೇಲೆ ಬರುವುದು 31ನೆಯ ಕೀರ್ತನೆ. ‘ನಿಮ್ಮ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ’ ಎಂಬ ಅದರ ಮಾತನ್ನೇ ಯೇಸು ಶಿಲುಬೆಯ ಮೇಲೆ ಆಡಿದರೆಂದು ಲೂಕನ ಶುಭಸಂದೇಶ ಹೇಳುತ್ತದೆ. ಆ ಸಾಲನ್ನು ಸಭೆಯ ಬಾಯಿಗೆ ಕೊಡದೆ, ಶಿಲುಬೆಯ ಕುರಿತ ಬೇರೊಂದು ಹಾಡನ್ನು ಎಷ್ಟೇ ಭಾವ ತುಂಬಿ ಹಾಡಿದರೂ ಈ ಕೊಂಡಿ ಕಳಚುತ್ತದೆ. ರೋಮನ್ ಪೂಜಾಗ್ರಂಥದ ಸಾಮಾನ್ಯ ನಿಯಮಾವಳಿಯ 57ನೆಯ ಕಂಡಿಕೆ, ವಾಚನಗಳಿಗೂ ಕೀರ್ತನೆಗೂ ಬದಲಾಗಿ ಬೈಬಲಿನದಲ್ಲದ ಪಠ್ಯವನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ಹಾಡಲು ಬಾರದಿದ್ದರೆ ಕೀರ್ತನೆಯನ್ನು ಓದಬಹುದು, ತೆಗೆದುಹಾಕುವಂತಿಲ್ಲ.

‘ಕೀರ್ತನೆಯ ಸಾಲುಗಳು ತಾಳಕ್ಕೆ ಕೂರುವುದಿಲ್ಲ’ ಎಂಬುದು ಗಾನವೃಂದಗಳ ಕಾಯಂ ಸಬೂಬು. ಅವು ತಾಳಕ್ಕೆ ಕೂರಬೇಕಾಗಿಯೇ ಇಲ್ಲ. ಹೀಬ್ರೂ ಕವಿತೆಯ ಸಾಲು ಸಾಮಾನ್ಯವಾಗಿ ಎರಡು ಭಾಗವಾಗಿರುತ್ತದೆ. ಮೊದಲ ಭಾಗ ಹೇಳಿದ್ದನ್ನು ಎರಡನೆಯದು ಬೇರೆ ಮಾತಿನಲ್ಲಿ ಮತ್ತೆ ಹೇಳುತ್ತದೆ. ಪಶ್ಚಾತ್ತಾಪದ 51ನೆಯ ಕೀರ್ತನೆಯಲ್ಲಿ ‘ನನ್ನ ಅಪರಾಧವನ್ನು ತೊಳೆ’ ಎಂದು ಬೇಡಿದ ಬೆನ್ನಿಗೇ ‘ನನ್ನ ಪಾಪವನ್ನು ಶುದ್ಧಮಾಡು’ ಎಂಬ ಬೇಡಿಕೆ ಬರುವುದು ಹೀಗೆಯೇ. ಹಾಡುವ ಹಳೆಯ ಕ್ರಮವೂ ಇದಕ್ಕೆ ಹೊಂದಿಕೊಂಡಿದೆ. ಅರ್ಧ ಸಾಲಿನ ಬಹುಭಾಗವನ್ನು ಒಂದೇ ಸ್ವರದ ಮೇಲೆ ಮಾತಿನ ಓಟದಲ್ಲಿ ಹೇಳಿ, ನಡುವೆ ಚಿಕ್ಕ ತಿರುವು ಕೊಟ್ಟು ಉಸಿರು ತೆಗೆದುಕೊಂಡು, ಉಳಿದರ್ಧವನ್ನು ಮತ್ತೆ ಅದೇ ಸ್ವರದ ಮೇಲೆ ಎತ್ತಿ ಕೊನೆಯ ಎರಡು ಮೂರು ಅಕ್ಷರಗಳಲ್ಲಿ ಕೆಳಗಿಳಿಸಿದರೆ ಮುಗಿಯಿತು. ಸಾಲು ಉದ್ದವಿರಲಿ ಗಿಡ್ಡವಿರಲಿ, ಧಾಟಿ ಕೆಡುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುವುದರಿಂದ ಸ್ವರ ಇಳಿಯುವಲ್ಲಿಯೇ ಮಾತಿನ ತೂಕವೂ ಬೀಳುತ್ತದೆ. ಈ ಕ್ರಮ ನಮ್ಮ ಭಾಷೆಗೆ ಚೆನ್ನಾಗಿ ಒಗ್ಗುತ್ತದೆ. ಹಾಡುಗಾರನ ಸ್ವರ ಜಾರದಂತೆ ಹಾರ್ಮೋನಿಯಂ ಷಡ್ಜ ಹಿಡಿದಿದ್ದರೆ ಸಾಕು. ಸಭೆಯ ಪಾಲಿಗೆ ಬರುವ ಸಾಲು ನಮ್ಮ ಪಲ್ಲವಿಯ ಹಾಗೆ ಮತ್ತೆ ಮತ್ತೆ ಬರುತ್ತದೆ. 136ನೆಯ ಕೀರ್ತನೆಯ 26 ವಚನಗಳೂ ‘ಆತನ ಪ್ರೀತಿ ಶಾಶ್ವತ’ ಎಂಬ ಒಂದೇ ಮಾತಿನಲ್ಲಿ ಮುಗಿಯುವುದನ್ನು ನೋಡಿದರೆ ಈ ಪದ್ಧತಿಯ ಬೇರು ಎಷ್ಟು ಹಳೆಯದೆಂದು ತಿಳಿಯುತ್ತದೆ. ತಾಳಕ್ಕೆ ಹೊಂದಿಸಲೆಂದು ನಡುನಡುವೆ ‘ಓ ದೇವಾ’ ತುರುಕಿ ವಚನಗಳನ್ನು ಕತ್ತರಿಸುವ ಶ್ರಮ ಯಾಕೆ ಬೇಕೋ ತಿಳಿಯದು.

ಇದರ ಹಿಂದಿರುವ ತತ್ವ ಕೀರ್ತನೆಗೆ ಮಾತ್ರ ಸೀಮಿತವಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 4 ಡಿಸೆಂಬರ್ 1963ರಂದು ಹೊರಡಿಸಿದ ಆರಾಧನಾ ವಿಧಿಯ ಸಂವಿಧಾನದ 112ನೆಯ ಕಂಡಿಕೆಯ ಪ್ರಕಾರ, ಸಂಗೀತ ಪೂಜಾವಿಧಿಯೊಂದಿಗೆ ಎಷ್ಟು ನಿಕಟವಾಗಿ ಬೆಸೆದಿರುತ್ತದೆಯೋ ಅಷ್ಟರಮಟ್ಟಿಗೆ ಪವಿತ್ರ. ಪವಿತ್ರತೆಯ ಅಳತೆ ಇಲ್ಲಿ ರಾಗದ ಇಂಪೂ ಅಲ್ಲ, ಕಣ್ಣಲ್ಲಿ ನೀರು ಬಂತೇ ಎಂಬುದೂ ಅಲ್ಲ. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ, ಹಾಡಿದ ವಿಷಯಕ್ಕಿಂತ ಹಾಡೇ ತಮ್ಮನ್ನು ಹೆಚ್ಚು ಕಲಕಿದರೆ ಅದನ್ನು ಪಾಪವೆಂದೇ ಎಣಿಸುವುದಾಗಿ ಬರೆದಿದ್ದಾರೆ. ಆದರೂ ದುರ್ಬಲ ಮನಸ್ಸುಗಳು ಹಾಡಿನಿಂದ ಭಕ್ತಿಗೆ ಏರಬಲ್ಲವೆಂದು ಹಾಡುವ ಪದ್ಧತಿಯನ್ನು ಒಪ್ಪಿದ್ದಾರೆ. ಜಾಗ ನೋಡಿ ಹಾಡನ್ನು ಆರಿಸಬೇಕು ಎಂಬುದು ಇದೇ ಕಾರಣಕ್ಕೆ. ಪ್ರವೇಶಗೀತೆ ಮೆರವಣಿಗೆಯ ಜೊತೆ ನಡೆಯಬೇಕು, ಗುರುಗಳು ಪೀಠ ಮುಟ್ಟಿ ನಿಂತ ಮೇಲೂ ನಾಲ್ಕನೆಯ ಚರಣ ಎಳೆಯಬಾರದು. ‘ಪವಿತ್ರರು, ಪವಿತ್ರರು’ ಎಂಬ ಸ್ತುತಿ ಇಡೀ ಸಭೆ ಗುರುಗಳೊಂದಿಗೆ ಹಾಡುವಂಥದ್ದು. ಜನ ಬಾಯಿ ಮುಚ್ಚಿ ಕೇಳುವಷ್ಟು ಕಷ್ಟದ ಧಾಟಿಗೆ ಅದನ್ನು ಕೂಡಿಸಿದ ಗಾನವೃಂದ ಜನರ ಪಾಲನ್ನು ಕಸಿದುಕೊಂಡಿದೆ.

ವಾದ್ಯಗಳ ವಿಷಯದಲ್ಲಿ ಜನ ತಿಳಿದಷ್ಟು ಬಿಗಿ ಇಲ್ಲ. ಅದೇ ಸಂವಿಧಾನ ಪೈಪ್ ಆರ್ಗನ್ನಿಗೆ ಗೌರವದ ಸ್ಥಾನ ಕೊಟ್ಟು, ಪವಿತ್ರ ಬಳಕೆಗೆ ತಕ್ಕ ಬೇರೆ ವಾದ್ಯಗಳಿಗೂ ಸ್ಥಳೀಯ ಅಧಿಕಾರಿಗಳ ಒಪ್ಪಿಗೆಯ ಮೇಲೆ ಅವಕಾಶವಿಟ್ಟಿದೆ. ಆಯಾ ಜನರ ಸಂಗೀತ ಪರಂಪರೆಗೆ ಮಾನ್ಯತೆ ಕೊಡಬೇಕೆಂದೂ ಹೇಳಿದೆ. ಹಳಿಯಾಳದ ಕಡೆಯ ಸಿದ್ದಿ ಕ್ರೈಸ್ತರ ಡಮಾಮಿ ಎಂಬ ಚರ್ಮವಾದ್ಯ ಕಾಣಿಕೆಯ ಮೆರವಣಿಗೆಯಲ್ಲಿ ಕೇಳಿಸಿದರೆ, ಕೀಬೋರ್ಡಿನ ಗುಂಡಿ ಒತ್ತಿ ಹೊರಡಿಸುವ ಸಿದ್ಧ ತಾಳಕ್ಕಿಂತ ಅದು ಎಷ್ಟೋ ಮೇಲು. ಬಿಗಿ ಇರುವುದು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ. ಆಗ ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ ನುಡಿಯಬೇಕು, ಹಾಡಿಲ್ಲದೆ ತಾನೊಂದೇ ನುಡಿಯಬಾರದು. ಆ ಕಾಲದ ನಾಲ್ಕನೆಯ ಭಾನುವಾರ, ಮಹೋತ್ಸವಗಳು ಮತ್ತು ಹಬ್ಬಗಳು ಇದಕ್ಕೆ ಹೊರತು.

ಕೀರ್ತನೆಗಳ ಸಂಖ್ಯೆಯ ಬಗ್ಗೆ ಒಂದು ಮಾತು ಉಳಿದಿದೆ. ಗೋವೆಯ ಪರಂಪರೆಯ ಹಳೆಯ ಲ್ಯಾಟಿನ್ ಪುಸ್ತಕದಿಂದ ರಾಗ ಎತ್ತಿಕೊಳ್ಳುವವರು, ಅಲ್ಲಿನ ಸಂಖ್ಯೆ ಹಿಡಿದು ಕನ್ನಡ ಬೈಬಲ್ ತೆರೆದರೆ ಬೇರೆಯೇ ಕೀರ್ತನೆ ಕಾಣುತ್ತದೆ. ಹೀಬ್ರೂವಿನ 9 ಮತ್ತು 10ನೆಯ ಕೀರ್ತನೆಗಳನ್ನು ಗ್ರೀಕ್ ಮತ್ತು ಲ್ಯಾಟಿನ್ ಪಾಠಗಳು ಒಂದಾಗಿ ಎಣಿಸಿದ್ದರಿಂದ ಮುಂದಿನ ಬಹುತೇಕ ಕೀರ್ತನೆಗಳ ಸಂಖ್ಯೆ ಅಲ್ಲಿ ಒಂದು ಕಡಿಮೆ. ಲ್ಯಾಟಿನ್ನಿನ 50, 129ಕ್ಕೆ ಕನ್ನಡದಲ್ಲಿ 51, 130ನ್ನು ನೋಡಬೇಕು. 148ರಿಂದ 150ರವರೆಗಿನ ಮೂರು ಎರಡು ಕಡೆಯೂ ಒಂದೇ.