ಸವಳು ಜವಳು, ಬೂದಿಗುಡ್ಡ ಮತ್ತೆ ನಮ್ಮದೊಂದು ಸಣ್ಣ ಪ್ರಕಾಶನ

ರಾಯಚೂರು ಜಿಲ್ಲೆ ಸಿಂಧನೂರಲ್ಲಿ ನಾವು ಆರು ಜನ ಸೇರಿ ಒಂದು ಟ್ರಸ್ಟ್ ಮಾಡ್ಕೊಂಡು ಪುಸ್ತಕ ಹಾಕ್ತೀವಿ. ಲಾಭ ಯಾರೂ ಹಂಚ್ಕೊಳ್ಳೋ ಹಂಗಿಲ್ಲ, ಬಂದ ದುಡ್ಡೆಲ್ಲ ಮುಂದಿನ ಪುಸ್ತಕಕ್ಕೆ. ಇಬ್ಬರು ಹೈಸ್ಕೂಲ್ ಮಾಸ್ತರು, ಮಣ್ಣು ಪರೀಕ್ಷೆ ಲ್ಯಾಬಲ್ಲಿ ಕೆಲಸ ಮಾಡಿ ರಿಟೈರ್ ಆದೋರು ಒಬ್ಬರು, ಒಬ್ಬ ಕವಿ, ಒಬ್ಬರು ಡಿಟಿಪಿ ಮಾಡೋರು, ಮತ್ತೆ ನಾನು. ಯಾರಿಗೆ ಹೇಳಿದ್ರೂ ಮೊದಲು ಕೇಳೋದು ಒಂದೇ, "ನಿಮ್ದು ಸಾಹಿತ್ಯದ್ದೋ, ವಿಜ್ಞಾನದ್ದೋ?" ಎರಡೂ ಅಂದ್ರೆ ನಂಬಲ್ಲ. ಈ ಪ್ರಶ್ನೆ ನಮ್ಮ ಕಡೆ ಯಾಕೆ ಇಷ್ಟು ಗಟ್ಟಿಯಾಗಿ ಕೂತಿದೆ ಅಂತ ಹುಡುಕ್ತಾ ಹೋದ್ರೆ ನೂರು ವರ್ಷ ಹಿಂದಕ್ಕೆ ಹೋಗ್ಬೇಕಾಗುತ್ತೆ.

1917ರಲ್ಲಿ ಹೈದರಾಬಾದಲ್ಲಿ ನಿಜಾಮರ ಸರ್ಕಾರ ದಾರುಲ್ ತರ್ಜುಮಾ ಅಂತ ಒಂದು ಅನುವಾದ ಸಂಸ್ಥೆ ಶುರು ಮಾಡ್ತು, ಮರುವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯ. ಗಣಿತ, ಭೌತಶಾಸ್ತ್ರ, ವೈದ್ಯಕೀಯ ಎಲ್ಲವನ್ನೂ ಉರ್ದುವಿಗೆ ತಂದು ಅದರಲ್ಲೇ ಡಿಗ್ರಿವರೆಗೆ ಕಲಿಸಿದ್ರು. ದೇಶಭಾಷೆಯಲ್ಲಿ ಸೈನ್ಸ್ ಕಲಿಸೋಕೆ ಆಗಲ್ಲ ಅನ್ನೋರಿಗೆ ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಆದ್ರೆ ಆಗ ನಿಜಾಮರ ಕೈಯಲ್ಲೇ ಇದ್ದ ರಾಯಚೂರು, ಕೊಪ್ಪಳದ ಜನರ ಮನೆಮಾತಿಗೆ ಅದ್ರಲ್ಲಿ ಜಾಗ ಇರ್ಲಿಲ್ಲ. ನಮ್ಮ ತಾತ ಸಾಯೋವರೆಗೂ ಗುಣಾಕಾರಕ್ಕೆ ಜರ್ಬ್, ಭಾಗಾಕಾರಕ್ಕೆ ತಕ್ಸೀಮ್ ಅಂತಿದ್ದ. ಲೆಕ್ಕ ಉರ್ದುವಲ್ಲಿ, ಪುರಾಣ ಕನ್ನಡದಲ್ಲಿ, ಒಂದೇ ತಲೆಯಲ್ಲಿ ಎರಡು ಬೇರೆ ಬೇರೆ ಕೋಣೆ.

ಹೆಚ್ಚುಕಮ್ಮಿ ಅದೇ ಹೊತ್ತಿಗೆ, 1918ರ ಸುಮಾರಿಗೆ, ಬೆಂಗಳೂರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತೆ ನಂಗಪುರಂ ವೆಂಕಟೇಶಯ್ಯಂಗಾರ್ 'ವಿಜ್ಞಾನ' ಅಂತ ಕನ್ನಡ ಪತ್ರಿಕೆ ಶುರು ಮಾಡಿದ್ರು. ಅದು ಬಹಳ ದಿನ ನಡೀಲಿಲ್ಲ. ಆದ್ರೆ ಬೆಳ್ಳಾವೆಯವರ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಸೆಂಟ್ರಲ್ ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡ್ತಿದ್ದ ಈ ಮನುಷ್ಯನೇ ಸಾಹಿತ್ಯ ಪರಿಷತ್ತಿಗೆ ಪಂಪಭಾರತವನ್ನ ಸಂಪಾದಿಸಿ ಕೊಟ್ಟಿದ್ದು. ಆವತ್ತಿನವರಿಗೆ ಇವೆರಡು ಬೇರೆ ಅನ್ಸಿರ್ಲಿಲ್ಲ. ಆಮೇಲೆ ಕಾರಂತರು ಮಕ್ಕಳಿಗೆ ಬಾಲ ಪ್ರಪಂಚದ ಮೂರು ಸಂಪುಟ, ದೊಡ್ಡವರಿಗೆ ವಿಜ್ಞಾನ ಪ್ರಪಂಚದ ನಾಲ್ಕು ಸಂಪುಟ ಬರೆದ್ರು, ಒಂದು ಸಂಸ್ಥೆ ಮಾಡೋ ಕೆಲಸ ಒಬ್ಬರೇ ಮಾಡಿದ್ರು. ಗಿಡಗಳ ವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನಿಗೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಆಯ್ತು, ಬಾಲ ವಿಜ್ಞಾನ ಮಾಸಿಕ ನಮ್ಮ ಶಾಲೆಗಳಿಗೂ ಬರೋದು, ನಾನು ಓದಿದ್ದೂ ಅದನ್ನೇ.

ನಮ್ಮ ಕಡೆ ಇದಕ್ಕೆಲ್ಲ ತಡ. ಬಳ್ಳಾರಿ ಮದ್ರಾಸಿಂದ ಬಿಡಿಸ್ಕೊಂಡು ಮೈಸೂರಿಗೆ ಸೇರಿದ್ದು 1953ರಲ್ಲಿ, ಆಗಿನ್ನೂ ಕೊಪ್ಪಳವನ್ನ ಒಳಗಿಟ್ಟುಕೊಂಡಿದ್ದ ರಾಯಚೂರು ಜಿಲ್ಲೆ ಬಂದಿದ್ದು 1956ರಲ್ಲಿ. ಕನ್ನಡ ಶಾಲೆ ಬರಬೇಕು, ಓದೋರು ಬೆಳೀಬೇಕು, ಆಮೇಲೆ ಪುಸ್ತಕ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆಗಿದ್ದೇ 1991ರಲ್ಲಿ. ಬಳ್ಳಾರಿಯ ಲೋಹಿಯಾ ಪ್ರಕಾಶನದಂಥವರು ಸಾಹಿತ್ಯಕ್ಕೆ ಒಳ್ಳೇ ಕೆಲಸ ಮಾಡ್ಯಾರೆ, ಆದ್ರೆ ನಮ್ಮ ಕಾಲಡಿ ಮಣ್ಣಿನ ವಿಜ್ಞಾನವನ್ನ ಕಥೆ ಹೇಳಿದ ಹಾಗೆ ಹೇಳೋ ಪುಸ್ತಕ ನಮ್ಮ ಕೈಗೆ ಸಿಗ್ತಿರ್ಲಿಲ್ಲ, ನನಗೆ ಚುಚ್ಚಿದ್ದು ಅದೇ.

ದಾರಿ ಕಂಡಿದ್ದು ಕೇರಳದಿಂದ. ಅಲ್ಲಿ 1962ರಲ್ಲಿ ವಿಜ್ಞಾನ ಬರೆಯೋರೆಲ್ಲ ಸೇರಿ ಒಂದು ಪರಿಷತ್ತು ಕಟ್ಟಿದ್ರು, ಹೆಸರೇ ಶಾಸ್ತ್ರ ಸಾಹಿತ್ಯ ಪರಿಷತ್, ಮಲಯಾಳಂನಲ್ಲಿ ಶಾಸ್ತ್ರ ಅಂದ್ರೆ ವಿಜ್ಞಾನ. ಕಾರ್ಯಕರ್ತರು ಚೀಲದಲ್ಲಿ ಪುಸ್ತಕ ಹೊತ್ತು ಮನೆಮನೆಗೆ ಹೋಗಿ ಮಾರ್ತಾರೆ, ಆ ದುಡ್ಡಲ್ಲೇ ಬಹುಪಾಲು ಕೆಲಸ ನಡೆಯುತ್ತೆ. ನಮಗೆ ಅಷ್ಟು ಬಲ ಇಲ್ಲ, ಆದ್ರೆ ಚೀಲ ಹೊರೋಕೆ ಅಡ್ಡಿ ಇಲ್ವಲ್ಲ.

ನಮ್ಮ ಮೊದಲ ಪುಸ್ತಕ ಸವಳು ಜವಳಿನ ಬಗ್ಗೆ, ಅಂದ್ರೆ ಹೊಲದಲ್ಲಿ ಉಪ್ಪು ಏರೋದು, ನೀರು ನಿಂತು ಜೌಗಾಗೋದು. ತುಂಗಭದ್ರಾ ಎಡದಂಡೆ ಕಾಲುವೆ ಪ್ಲಾನ್ ಮಾಡ್ದಾಗ ಹೆಚ್ಚಿನ ಭೂಮಿಗೆ ಅರೆ ನೀರಾವರಿ ಅಂತ ಲೆಕ್ಕ ಹಾಕಿದ್ರು, ಜೋಳ, ಹತ್ತಿ, ಶೇಂಗಾ ಬೆಳೀಲಿ ಅಂತ. ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದೋರು ಕ್ಯಾಂಪ್ ಹಾಕಿ ಭತ್ತ ಹಚ್ಚಿದ್ರು, ನಮ್ಮೋರೂ ಹಚ್ಚಿದ್ರು, ಮೇಲ್ಭಾಗದಲ್ಲಿ ನೀರು ನಿಂತು ನಿಂತು ಹೊಲ ಕೆಟ್ಟವು, ಟೇಲೆಂಡಿಗೆ, ಅಂದ್ರೆ ಕಾಲುವೆ ಕೊನೆಯ ಊರುಗಳಿಗೆ, ನೀರೇ ಇಲ್ಲ. ಇದನ್ನ ಬರೆಯೋವಾಗ ಲ್ಯಾಬ್ ಸರ್ ಕೊಟ್ಟ ಮೊದಲ ಸಾಲು, "ಅಂತರ್ಜಲ ಮಟ್ಟದ ಏರಿಕೆಯಿಂದ ಲವಣಾಂಶದ ಸಾಂದ್ರತೆ ಅಧಿಕಗೊಂಡು". ಕವಿ ಅದನ್ನ ಹೊಡೆದು ಹಾಕಿ "ಭೂಮಿತಾಯಿ ಅತ್ತ ಕಣ್ಣೀರಿನ ಉಪ್ಪು" ಅಂತ ಬರೆದ. ಸರ್ ಅದನ್ನ ಹೊಡೆದು ಹಾಕಿದ್ರು, ಉಪ್ಪು ಎಲ್ಲಿಂದ ಬಂತು ಅನ್ನೋದೇ ತಪ್ಪಾಗುತ್ತಲ್ಲ ಅಂತ. ಇಬ್ಬರೂ ಹದಿನೈದು ದಿನ ಮಾತು ಬಿಟ್ರು. ಕೊನೆಗೆ ಕಾರಟಗಿ ಹತ್ರದ ಒಬ್ಬ ರೈತರು ಹೊಲದ ಬದುವಿನ ಮೇಲೆ ಕೂತು, ಬಿಳಿ ಪದರು ಬೆರಳಲ್ಲಿ ಕೆರೆದು ತೋರಿಸ್ತಾ ಹೇಳಿದ್ರು, "ಉಪ್ಪು ಮೊದಲಿಂದ ಕೆಳಗ ಇತ್ರಿ, ನಾವ ನೀರು ಕೊಟ್ಟು ಕೊಟ್ಟು ಮ್ಯಾಲ ಕರಕೊಂಡ್ವಿ." ವಿಷಯ ನಿಜವಾಗ್ಲೂ ಅಷ್ಟೇ. ಎರಿ ಮಣ್ಣು, ಅಂದ್ರೆ ಕಪ್ಪು ಮಣ್ಣು, ನೀರು ಬೇಗ ಬಸಿಯೋಕೆ ಬಿಡಲ್ಲ, ನೆಲದೊಳಗಿನ ನೀರು ಮೇಲೇರಿ ಬರೋವಾಗ ಕರಗಿದ ಉಪ್ಪನ್ನೂ ತರುತ್ತೆ, ಬಿಸಿಲಿಗೆ ನೀರು ಹೋಗುತ್ತೆ, ಉಪ್ಪು ಉಳಿಯುತ್ತೆ. ಆ ರೈತರ ಮಾತೇ ಪುಸ್ತಕದ ಮೊದಲ ಸಾಲಾಯ್ತು, ಇಬ್ಬರೂ ಒಪ್ಪಿದ್ರು.

48 ಪುಟ, ಅಂದ್ರೆ ಹದಿನಾರು ಪುಟಕ್ಕೊಂದರಂತೆ ಮೂರು ಫಾರಂ, ಗದಗಿನಲ್ಲಿ ಪ್ರಿಂಟ್, 500 ಕಾಪಿ. ಲೈಬ್ರರಿಗಳಿಗೆ ಸರ್ಕಾರ ಮಾಡೋ ಸಗಟು ಖರೀದಿ ನೆಚ್ಕೊಂಡ್ರೆ ದುಡ್ಡು ಯಾವಾಗ ಬರುತ್ತೋ ಹೇಳೋಕಾಗಲ್ಲ, ಹಂಗಾಗಿ ಸಂತೆ ಜಾತ್ರೆಯಲ್ಲೇ ಮಾರ್ತೀವಿ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಟೇಬಲ್ ಹಾಕಿದ್ವಿ, ಮೇಲೆ ಗುಡ್ಡದಲ್ಲಿ ಅಶೋಕನ ಶಾಸನ, ಕೆಳಗೆ ನಾವು. ಶಾಸನ ಅಂದಾಗ ನೆನಪಾಯ್ತು, ಅಶೋಕನ ಹೆಸರಿರೋ ಮಸ್ಕಿ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದಿದ್ದು ಚಿನ್ನದ ಅದಿರು ಹುಡುಕ್ತಾ ಬಂದಿದ್ದ ಬೀಡನ್ ಅನ್ನೋ ಇಂಜಿನಿಯರಿಗೆ. ಕಲ್ಲು ನೋಡೋಕೆ ಬಂದೋನಿಗೆ ಅಕ್ಷರ ಸಿಕ್ತು!

ಈಗ ಎರಡನೇ ಪುಸ್ತಕ ನಡೀತಿದೆ, ಬೂದಿಗುಡ್ಡದ್ದು. ಬಳ್ಳಾರಿಯ ಕುಡತಿನಿ ಹತ್ರ ಒಂದು ದೊಡ್ಡ ಬೂದಿ ದಿಬ್ಬ ಇದೆ, ಜನ ಅದನ್ನ ರಾಕ್ಷಸನ ಚಿತೆ ಅಂತಾರೆ, ಹಂಪಿ ಪಕ್ಕದ ನಿಂಬಾಪುರದ ದಿಬ್ಬ ವಾಲಿಯ ಚಿತೆ. ಇದು ದನದ ಸಗಣಿ ಸುಟ್ಟ ಬೂದಿ ಅಂತ ಭೂವಿಜ್ಞಾನಿ ಬ್ರೂಸ್ ಫೂಟ್ ಹತ್ತೊಂಬತ್ತನೇ ಶತಮಾನದಲ್ಲೇ ಹೇಳಿದ್ದ. 1960ರಲ್ಲಿ ಜಾಯ್ನರ್ ಅನ್ನೋ ವಿಜ್ಞಾನಿ ಪರೀಕ್ಷೆ ಮಾಡಿ ಅದನ್ನೇ ಗಟ್ಟಿ ಮಾಡಿದ. ನಾಲ್ಕೈದು ಸಾವಿರ ವರ್ಷದ ಹಿಂದೆ ಇಲ್ಲಿ ದನ ಕಾಯ್ತಿದ್ದೋರು ಹಟ್ಟಿ ಸಗಣಿ ರಾಶಿಗೆ ಮತ್ತೆ ಮತ್ತೆ ಬೆಂಕಿ ಕೊಟ್ಟಿದ್ರಿಂದ ಅದು ಕರಗಿ ಗಾಜಿನ ಥರ ಆಗಿದೆ. ಯಾಕೆ ಸುಟ್ಟರು? ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ಅಗೆದ ಪುರಾತತ್ವಜ್ಞ ಆಲ್ಚಿನ್, ಸಂಕ್ರಾಂತಿ ದಿನ ದನಗಳನ್ನ ಕಿಚ್ಚು ಹಾಯಿಸೋ ಥರದ ಹಬ್ಬ ಇದ್ದಿರ್ಬೇಕು ಅಂದ. ಎಲ್ಲರೂ ಒಪ್ಪಲ್ಲ. ಕುಡತಿನಿಯಲ್ಲಿ ಈಗ ಥರ್ಮಲ್ ಪ್ಲಾಂಟಿದೆ, ಕಲ್ಲಿದ್ದಲಿನ ಹೊಸ ಬೂದಿ ಅದೇ ಊರಿಗೆ ಬೀಳ್ತಿದೆ, ಅದಕ್ಕೂ ಪುಸ್ತಕದಲ್ಲಿ ಒಂದು ಅಧ್ಯಾಯ ಇಟ್ಟೀವಿ. ರಾಕ್ಷಸನ ಕಥೆಯನ್ನ ಮೂಢನಂಬಿಕೆ ಅಂತ ತಳ್ಳಿಲ್ಲ, ಮೊದಲ ಅಧ್ಯಾಯವೇ ಅದು, ಯಾಕಂದ್ರೆ ಈ ಗುಡ್ಡ ಬೆಂಕಿಯಿಂದ ಆಗಿದ್ದು ಅನ್ನೋದನ್ನ ಅಷ್ಟು ವರ್ಷ ನೆನಪಿಟ್ಟಿದ್ದು ಆ ಕಥೆಯೇ.

ಜಾತ್ರೆಯಲ್ಲಿ ಟೇಬಲ್ ಮೇಲಿಟ್ಟಿದ್ದ ಗುಡ್ಡದ ಫೋಟೋ ಒಬ್ಬ ಕುರಿಗಾಹಿ ಅಜ್ಜ ಬಹಳ ಹೊತ್ತು ನೋಡಿದ್ರು. "ಇದು ಸಗಣಿ ಬೂದಿ ಅಲ್ಲೇನಪ್ಪ? ನಮ್ಮ ದೊಡ್ಡ ತಿಪ್ಪಿಗೆ ಬೆಂಕಿ ಬಿದ್ದು ತಿಂಗಳುಗಟ್ಟಲೆ ಒಳಗೊಳಗ ಉರೀತು, ಅಗದ್ರ ಹಿಂಗ ಗಡ್ಡಿ ಕಟ್ಟಿತ್ತು" ಅಂದ್ರು. ಲ್ಯಾಬ್ ಸರ್ ಕುರ್ಚಿ ಬಿಟ್ಟೆದ್ದು ಅವರ ಊರು, ಮಗನ ಫೋನ್ ನಂಬರ್ ಎಲ್ಲ ಬರ್ಕೊಂಡ್ರು. ಕುರಿ ಹಿಂಡು ಈಗ ಊರ ಬಿಟ್ಟು ಹೋಗಿದೆ, ವಾಪಸ್ ಬಂದ ಮೇಲೆ ಆ ತಿಪ್ಪೆ ಜಾಗ ತೋರಿಸ್ತೀನಿ ಅಂದಾರೆ. ಎರಡನೇ ಫಾರಂ ಅಲ್ಲಿವರೆಗೂ ಗದಗಿಗೆ ಕಳಿಸೋದು ಬೇಡ ಅಂತ ತಡೆದಿಟ್ಟೀವಿ.