ಕರ್ನಲ್‌ಗೆ ವರ್ಗವಾಗುತ್ತದೆ, ಪ್ಲ್ಯಾನ್ ಅಲ್ಲೇ ಇರುತ್ತದೆ

ಅಮೆರಿಕದ ಸೇನೆಯಲ್ಲಿ ಮೇಜರ್ ಆಗಲಿ ಕರ್ನಲ್ ಆಗಲಿ, ಒಂದು ಕುರ್ಚಿಯಲ್ಲಿ ಕೂರುವುದು ಸಾಮಾನ್ಯವಾಗಿ ಎರಡು-ಮೂರು ವರ್ಷ. ಆಮೇಲೆ ವರ್ಗ. ಅವರು ನೋಡಿಕೊಳ್ಳುತ್ತಿದ್ದ ಯುದ್ಧಯೋಜನೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಆಗಾಗ ತಿದ್ದಿಸಿಕೊಳ್ಳುತ್ತಾ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಈ ಸಂಖ್ಯೆ ಎಲ್ಲಿಂದ ಬಂತು, ಆ ಬಂದರನ್ನು ಯಾಕೆ ಕೈಬಿಟ್ಟರು ಅಂತ ಹೇಳುವವರು ಯಾರಾದರೂ ಬೇಕಲ್ವಾ? ಆ ಕೆಲಸ ಬಹಳ ಕಡೆ ಯೂನಿಫಾರ್ಮ್ ಹಾಕದ ಸರ್ಕಾರಿ ನೌಕರರದ್ದು. ನನ್ನದೂ ಅದೇ. ಬಾಗಿಲ ಮೇಲೆ 'ಪ್ಲ್ಯಾನ್ಸ್ ಅಂಡ್ ಪ್ರೋಗ್ರಾಮ್ಸ್' ಅಂತ ಬೋರ್ಡ್ ಇರುತ್ತದೆ.

ಹಳೇ ಮೈಸೂರು ಕಡೆಯವರಿಗೆ ಹೀಗೆ ಹೇಳಿದರೆ ಬೇಗ ಗೊತ್ತಾಗುತ್ತದೆ. ಅಮಲ್ದಾರರು ಬರುತ್ತಿದ್ದರು, ಹೋಗುತ್ತಿದ್ದರು. ಲೆಕ್ಕದ ಪುಸ್ತಕ ಇರುತ್ತಿದ್ದುದು ಶಾನುಭೋಗರ ಹತ್ತಿರ. ನಮ್ಮದು ಶಾನುಭೋಗಿಕೆ. ಗಡಿಕಲ್ಲು ಸರಿಸುವ ಅಧಿಕಾರ ಮಾತ್ರ ಇಲ್ಲ! ನಮ್ಮಂಥ ನೌಕರರು ಎಷ್ಟೇ ಹಿರಿಯರಾದರೂ ಯುದ್ಧದಲ್ಲಿ ಸೈನಿಕರಿಗೆ ಆದೇಶ ಕೊಡುವಂತಿಲ್ಲ. ಬರೆಯುತ್ತೇವೆ, ಲೆಕ್ಕ ಹಾಕುತ್ತೇವೆ, ತಕರಾರು ತೆಗೆಯುತ್ತೇವೆ. ಸಹಿ ಕಮಾಂಡರದ್ದು.

ಯುದ್ಧಯೋಜನೆ ಅಂದರೆ ಗೋಡೆ ತುಂಬಾ ನಕ್ಷೆ, ಅದರ ಮೇಲೆ ಕೆಂಪು ಬಾಣ ಅಂದುಕೊಂಡಿರುತ್ತಾರೆ. ಬಾಣ ಬರೆಯುವುದು ಸುಲಭ. ನಮ್ಮ ಬೆವರು ಹರಿಯುವುದು 'ಟಿಪ್‌ಫಿಡ್' ಅನ್ನುವ ಪಟ್ಟಿಯಲ್ಲಿ. ಯಾವ ತುಕಡಿ, ಎಷ್ಟು ಜನ, ಎಷ್ಟು ಟನ್ ಸಾಮಾನು, ಎಲ್ಲಿಂದ ಹೊರಡಬೇಕು, ಎಷ್ಟನೇ ದಿನ ಎಲ್ಲಿ ಮುಟ್ಟಬೇಕು ಅಂತ ಒಂದೊಂದಕ್ಕೂ ಒಂದೊಂದು ಲೈನ್. ದೊಡ್ಡ ಯೋಜನೆಯಲ್ಲಿ ಇಂಥವು ಸಾವಿರಾರು.

ಒಂದು ಲೆಕ್ಕ ನೋಡೋಣ. ಸಂಖ್ಯೆಗಳು ಸುಮ್ನೆ ಉದಾಹರಣೆಗೆ. ದೂರದ ದೇಶದ ಒಂದು ಪುಟ್ಟ ಏರ್‌ಫೀಲ್ಡಿಗೆ ಸಾಮಾನು ಇಳಿಸಬೇಕು. ಅಲ್ಲಿ ಏಕಕಾಲಕ್ಕೆ ಎರಡೇ ಸಿ-17 ಸರಕು ವಿಮಾನ ನಿಲ್ಲಿಸಬಹುದು. ಈ ಮಿತಿಗೆ ನಮ್ಮವರು 'ಮಾಗ್' ಅನ್ನುತ್ತಾರೆ. ಒಂದು ವಿಮಾನ ಇಳಿದು, ಖಾಲಿಯಾಗಿ, ಮತ್ತೆ ಏರಲು 3 ಗಂಟೆ ಅಂದುಕೊಳ್ಳಿ. ದಿನಕ್ಕೆ 16 ವಿಮಾನ ಆಯಿತು. ಆದರೆ ವಿಮಾನಗಳು ಹೇಳಿದ ಟೈಮಿಗೆ ಸರಿಯಾಗಿ ಸಾಲಾಗಿ ಬರುವುದಿಲ್ಲ. ಹಾಗಾಗಿ ಏರ್‌ಫೋರ್ಸಿನ ಲೆಕ್ಕದ ಕೈಪಿಡಿ ಅದರಲ್ಲಿ ಶೇ. 85ರಷ್ಟನ್ನು ಮಾತ್ರ ಹಿಡಿ ಅನ್ನುತ್ತದೆ. 13ಕ್ಕೆ ಬಂತು. ರನ್‌ವೇಗೆ ದೀಪ ಇಲ್ಲ, ಹಗಲು 12 ಗಂಟೆ ಮಾತ್ರ ಇಳಿಯಬಹುದು ಅಂದರೆ 6! ಒಂದು ಸಿ-17ರಲ್ಲಿ 18 ಪ್ಯಾಲೆಟ್, ಅಂದರೆ ಸಾಮಾನು ಪೇರಿಸಿ ಕಟ್ಟಿದ ಹಲಗೆ, ಹಿಡಿಯುತ್ತದೆ. ಅಲ್ಲಿಗೆ ದಿನಕ್ಕೆ 108 ಪ್ಯಾಲೆಟ್. ಮೀಟಿಂಗಿನ ಸ್ಲೈಡಿನಲ್ಲಿ ಮೊದಲ ದಿನವೇ 200 ಪ್ಯಾಲೆಟ್ ಇಳಿದಿರುತ್ತವೆ. ಅಮೆರಿಕದ ಹತ್ತಿರ ಇನ್ನೂರಕ್ಕೂ ಜಾಸ್ತಿ ಸಿ-17 ಇವೆ, ನಿಜ. ಆದರೆ ಆ ಊರಲ್ಲಿ ಜಾಗ ಎರಡೇ.

ಜೊತೆಗೆ ಸರದಿಯ ಪ್ರಶ್ನೆ. ಮೊದಲ ವಿಮಾನದಲ್ಲಿ ಏನು ಬರಬೇಕು? ಎಲ್ಲ ಕಮಾಂಡರಿಗೂ ತಮ್ಮ ಹುಡುಗರೇ ಮೊದಲು ಇಳಿಯಬೇಕು. ಆದರೆ ಪ್ಯಾಲೆಟ್ ಇಳಿಸುವ ಲೋಡರ್, ಫೋರ್ಕ್‌ಲಿಫ್ಟ್, ಅದನ್ನು ಓಡಿಸುವವರು ಮೊದಲು ಬರದಿದ್ದರೆ ಹಿಂದೆ ಬಂದ ವಿಮಾನ ಹೊಟ್ಟೆ ತುಂಬಿಕೊಂಡು ನಿಂತಿರುತ್ತದೆ. ಇನ್ನು ತೂಕದ ಕಾಲಂ. ಇರಾಕ್ ಯುದ್ಧದ ಕಾಲದಲ್ಲಿ ಹಮ್ವೀ ಗಾಡಿಗಳಿಗೆ ರಕ್ಷಾಕವಚ ಹೊದಿಸಿದಾಗ ತೂಕ ವಿಪರೀತ ಏರಿತು. ಲೈನಿನಲ್ಲಿ ಹಳೇ ತೂಕವೇ ಉಳಿದಿದ್ದರೆ ವಿಮಾನದ ಲೆಕ್ಕ ಪೂರ್ತಿ ತಲೆಕೆಳಗು. ಅದಕ್ಕೇ ನಾನು ಹೊಸ ಪ್ಲ್ಯಾನ್ ಕೈಗೆ ಬಂದರೆ ಮುನ್ನುಡಿ ಓದುವುದಿಲ್ಲ, ಸೀದಾ ತೂಕಕ್ಕೆ ಹೋಗುತ್ತೇನೆ.

ಈ ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 1990ರ ಕಥೆ ಇದೆ. ಆ ವರ್ಷ ಜುಲೈನಲ್ಲಿ ಪಶ್ಚಿಮ ಏಷ್ಯಾ ನೋಡಿಕೊಳ್ಳುವ, ಜನರಲ್ ನಾರ್ಮನ್ ಶ್ವಾರ್ಜ್‌ಕಾಫ್ ಅವರ ಸೆಂಟ್ರಲ್ ಕಮಾಂಡ್ ಫ್ಲಾರಿಡಾದಲ್ಲಿ 'ಇಂಟರ್ನಲ್ ಲುಕ್' ಅನ್ನುವ ಅಭ್ಯಾಸ ನಡೆಸಿತು. ಇರಾಕ್ ದಕ್ಷಿಣಕ್ಕೆ ನುಗ್ಗಿದರೆ ಏನು ಮಾಡುವುದು ಅನ್ನುವುದೇ ಅದರ ವಿಷಯ. ಆಗಸ್ಟ್ 2ಕ್ಕೆ ಇರಾಕ್ ನಿಜವಾಗಿಯೂ ಕುವೈತಿಗೆ ನುಗ್ಗಿತು. ಯೋಚನೆ ಸಿದ್ಧವಿತ್ತು, ಕರಡು ಯೋಜನೆಯೂ ಇತ್ತು. ಸಾಗಾಟದ ಪಟ್ಟಿ ಮಾತ್ರ ಇನ್ನೂ ತಯಾರಾಗಿರಲಿಲ್ಲ. ಮೊದಲ ವಾರಗಳಲ್ಲಿ ಯಾವ ತುಕಡಿ ಯಾವಾಗ ಹೊರಡಬೇಕು ಅನ್ನುವುದನ್ನು ಅವಸರದಲ್ಲಿ ಕೂಡಿಸಬೇಕಾಯಿತು. ಅಮೆರಿಕ ಗೆದ್ದಿತು, ಹಾಗಾಗಿ ಜನ ಇದನ್ನು ಮರೆತರು. ಇರಾಕ್ ಅಲ್ಲಿಗೇ ನಿಲ್ಲದೆ ಸೌದಿ ಗಡಿ ದಾಟಿದ್ದರೆ ಆ ವಾರಗಳು ಬಹಳ ದುಬಾರಿಯಾಗುತ್ತಿದ್ದವು ಅನ್ನುವುದು ನನ್ನ ಅಭಿಪ್ರಾಯ.

ಕೆಲಸದ ಇನ್ನೊಂದು ಅರ್ಧ ದುಡ್ಡು. ಇದರ ಚೌಕಟ್ಟು ಹಾಕಿದ್ದು 1960ರ ದಶಕದ ಮೊದಲಲ್ಲಿ, ರಾಬರ್ಟ್ ಮ್ಯಾಕ್‌ನಮಾರ ರಕ್ಷಣಾ ಕಾರ್ಯದರ್ಶಿ ಆಗಿದ್ದಾಗ. ಯೋಜನೆಗೆ ಏನು ಬೇಕು ಅನ್ನುವುದನ್ನು ಐದು ವರ್ಷದ ಖರ್ಚಿನ ಪಟ್ಟಿಗೆ ಇಳಿಸಬೇಕು, ಅದು ಬಜೆಟ್ ಆಗಬೇಕು, ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಒಪ್ಪಬೇಕು. ಮೇಲಿನ ಏರ್‌ಫೀಲ್ಡಿಗೆ ಇನ್ನೊಂದು ಲೋಡರ್ ಬೇಕು ಅಂತ ಇವತ್ತು ಬರೆದರೆ ದುಡ್ಡು ಕೈಗೆ ಬರಲು ಹೆಚ್ಚುಕಡಿಮೆ ಎರಡು ವರ್ಷ. ಅಷ್ಟರಲ್ಲಿ ಬೇಕು ಅಂದ ಕರ್ನಲ್ ಜಪಾನಿನಲ್ಲೋ ಜರ್ಮನಿಯಲ್ಲೋ ಇರುತ್ತಾರೆ. ಯಾಕೆ ಬೇಕು ಅಂತ ಹೊಸಬರಿಗೆ ವಿವರಿಸಿ, ಆ ಸಾಲನ್ನು ಪಟ್ಟಿಯಿಂದ ಬೀಳದಂತೆ ಕಾಯುವುದು ನಮ್ಮ ಪಾಲಿಗೆ.

ದುಡ್ಡಿಗೂ ಬಣ್ಣ ಇದೆ. ದಿನನಿತ್ಯದ ನಿರ್ವಹಣೆಗೆ ಕೊಟ್ಟದ್ದಕ್ಕೆ ಸಾಮಾನ್ಯವಾಗಿ ಒಂದೇ ವರ್ಷದ ಆಯಸ್ಸು. ಉಪಕರಣ ಖರೀದಿಗೆ ಕೊಟ್ಟದ್ದಕ್ಕೆ ಮೂರು ವರ್ಷ, ಕಟ್ಟಡಕ್ಕೆ ಐದು. ಒಂದರ ದುಡ್ಡನ್ನು ಇನ್ನೊಂದಕ್ಕೆ ತಿರುಗಿಸಿದರೆ, ಕೊಟ್ಟಿದ್ದಕ್ಕಿಂತ ಜಾಸ್ತಿ ಖರ್ಚು ಮಾಡಿದರೆ ಆ್ಯಂಟಿ-ಡೆಫಿಷಿಯನ್ಸಿ ಕಾಯ್ದೆ ಮೈಮೇಲೆ ಬರಬಹುದು. ಬೇಕೆಂದೇ ಉಲ್ಲಂಘಿಸಿದವರಿಗೆ ಅದರಲ್ಲಿ ಎರಡು ವರ್ಷದವರೆಗೆ ಜೈಲಿಗೂ ಅವಕಾಶ ಇದೆ. ಅಮೆರಿಕದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಆ ಹೊತ್ತಿಗೆ ಬಜೆಟ್ ಪಾಸಾಗುವುದು ಅಪರೂಪ. ಹಿಂದಿನ ವರ್ಷದ ಮಟ್ಟದಲ್ಲೇ ತಾತ್ಕಾಲಿಕವಾಗಿ ದುಡ್ಡು ಬರುತ್ತದೆ, ಆಗ ಹೊಸ ಕೆಲಸ ಶುರು ಮಾಡುವಂತಿಲ್ಲ. ತದ್ವಿರುದ್ಧವಾಗಿ ಸೆಪ್ಟೆಂಬರ್ ಕೊನೆಯಲ್ಲಿ ಯಾರದೋ ಖರ್ಚಾಗದ ಹಣ ದಿಢೀರನೆ ಉದುರುತ್ತದೆ. ಅನುಭವಸ್ಥರು ದುಡ್ಡು ಸಿಗದೆ ಬಾಕಿ ಉಳಿದ ಕೆಲಸಗಳ ಪಟ್ಟಿಯನ್ನು ಕಾಂಟ್ರ್ಯಾಕ್ಟ್ ಕಾಗದ ಸಮೇತ ಜುಲೈಗೇ ರೆಡಿ ಇಟ್ಟಿರುತ್ತಾರೆ. ನೋಡುವವರಿಗೆ ಅದೃಷ್ಟ ಅನ್ನಿಸುತ್ತದೆ.

ನೌಕರಿ ಭದ್ರ ಅನ್ನುವ ಮಾತು ಈಗ ಅಷ್ಟು ನಿಜ ಅಲ್ಲ. 2013ರಲ್ಲಿ ರಕ್ಷಣಾ ಇಲಾಖೆಯ ಸಿವಿಲಿಯನ್ನರನ್ನು 6 ದಿನ ಸಂಬಳವಿಲ್ಲದೆ ಮನೆಗೆ ಕಳಿಸಿದರು. 2025ರಲ್ಲಿ ಬಜೆಟ್ ಪಾಸಾಗದೆ ಸರ್ಕಾರ 43 ದಿನ ಬಾಗಿಲು ಹಾಕಿತು, ಅದೇ ವರ್ಷ ಸಿಬ್ಬಂದಿ ಕಡಿತವೂ ಶುರುವಾಯಿತು. ಸಂಬಳದ ಏಣಿಯಲ್ಲಿ 15 ದರ್ಜೆ, ಪ್ರತಿ ದರ್ಜೆಯಲ್ಲೂ 10 ಮೆಟ್ಟಿಲು. ಬಡ್ತಿ ಇಲ್ಲದೆ ಒಂದೇ ದರ್ಜೆಯ ಕೊನೆ ಮೆಟ್ಟಿಲು ಹತ್ತಲು 18 ವರ್ಷ.

ಅಮೆರಿಕದಲ್ಲಿರುವ ನಮ್ಮವರ ಮಕ್ಕಳು ಈ ಕೆಲಸದ ಬಗ್ಗೆ ಆಗಾಗ ಕೇಳುತ್ತಾರೆ. ಎಚ್-1ಬಿ, ಗ್ರೀನ್ ಕಾರ್ಡ್ ಇದ್ದರೆ ಸಾಲದು, ಪೌರತ್ವವೇ ಬೇಕು. ಮಾಜಿ ಸೈನಿಕರಿಗೆ ನೇಮಕಾತಿಯಲ್ಲಿ ಆದ್ಯತೆ ಇದೆ, ಹಾಗಾಗಿ ಸೇನೆಯ ಹಿನ್ನೆಲೆ ಇಲ್ಲದವರು ಬಜೆಟ್ ಅಥವಾ ಲಾಜಿಸ್ಟಿಕ್ಸ್ ವಿಭಾಗದಿಂದ ಒಳಗೆ ಬರುವುದು ವಾಸಿ. ಆಮೇಲೆ ಭದ್ರತಾ ತಪಾಸಣೆಯ ಎಸ್‌ಎಫ್-86 ಫಾರ್ಮು. ಹತ್ತು ವರ್ಷದ ವಿಳಾಸಗಳು, ಏಳು ವರ್ಷದ ವಿದೇಶ ಪ್ರಯಾಣ, ಅಪ್ಪ-ಅಮ್ಮ, ಅಣ್ಣ-ತಂಗಿ, ಅತ್ತೆ-ಮಾವನವರ ವಿವರ ಎಲ್ಲ ಬರೆಯಬೇಕು. ಬೆಂಗಳೂರಿನಲ್ಲಿ ನೆಂಟರಿದ್ದಾರೆ ಅನ್ನುವುದೊಂದೇ ಕಾರಣಕ್ಕೆ ಯಾರನ್ನೂ ತಿರಸ್ಕರಿಸುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಕೆಲಸ ಕೆಡುತ್ತದೆ. ನಮ್ಮವರು ಎಡವುವುದು ಆಸ್ತಿಯ ಪ್ರಶ್ನೆಯಲ್ಲಿ. ಊರಿನ ಜಮೀನಿನ ಪಹಣಿಯಲ್ಲಿ ಅಜ್ಜನ ಕಾಲದಿಂದ ಜಂಟಿ ಹೆಸರು ಇರುತ್ತದೆ, ಹುಡುಗನಿಗೆ ಅದು ಗೊತ್ತೇ ಇರುವುದಿಲ್ಲ. ಅರ್ಜಿ ಹಾಕುವ ಮೊದಲೇ ಊರಿಗೆ ಫೋನ್ ಮಾಡಿ, ಪಹಣಿಯಲ್ಲಿ ಯಾರ ಯಾರ ಹೆಸರು ಕೂತಿದೆ ಅಂತ ದೊಡ್ಡಪ್ಪನನ್ನು ಕೇಳಿಕೊಳ್ಳಿ.